27 ತಿಂಗಳಿಗೆ ಎರಡು ಚೀಲ

ಎರಡು ಚೀಲ. ಎರಡೂ ಸೇರಿ 100 ಪೌಂಡ್, ಅಂದರೆ ಸುಮಾರು 45 ಕಿಲೊ. ಬೇರೆ ದೇಶಗಳಿಗೆ ಹೋಗಿ ದುಡಿಯುವ ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರು ಮೂರು ತಿಂಗಳ ತರಬೇತಿಗೂ ಎರಡು ವರ್ಷದ ಸೇವೆಗೂ ಬೇಕಾದದ್ದನ್ನೆಲ್ಲ ಇಷ್ಟರಲ್ಲೇ ಕಟ್ಟಿಕೊಂಡು ಹೊರಡಬೇಕು. ಈ ಗಂಟಿನಲ್ಲಿ ಏನಿರಬೇಕು, ಏನಿರಬಾರದು ಎಂಬ ತಿಳಿವಳಿಕೆ ಒಂದು ದಿನದಲ್ಲಿ ಬಂದದ್ದಲ್ಲ.

1960ರ ಅಕ್ಟೋಬರ್ 14. ರಾತ್ರಿ ಎರಡು ಗಂಟೆ. ಚುನಾವಣಾ ಪ್ರಚಾರಕ್ಕೆ ಬಂದಿದ್ದ ಜಾನ್ ಕೆನಡಿ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಕಾದು ನಿಂತಿದ್ದ ವಿದ್ಯಾರ್ಥಿಗಳನ್ನು, ನಿಮ್ಮಲ್ಲಿ ಎಷ್ಟು ಜನ ಘಾನಾದಂಥ ದೇಶಗಳಿಗೆ ಹೋಗಿ ದುಡಿಯಲು ಸಿದ್ಧರಿದ್ದೀರಿ ಎಂದು ಕೇಳಿದರು. ಅಧ್ಯಕ್ಷರಾದ ಮೇಲೆ, 1961ರ ಮಾರ್ಚ್ 1ರಂದು ಪೀಸ್ ಕೋರ್ ಸ್ಥಾಪನೆಯ ಆದೇಶಕ್ಕೆ ಸಹಿ ಹಾಕಿದರು. ಅದೇ ವರ್ಷದ ಆಗಸ್ಟ್ 30ರಂದು 51 ಮಂದಿ ಶಿಕ್ಷಕರ ಮೊದಲ ತಂಡ ಘಾನಾದ ಅಕ್ರಾದಲ್ಲಿ ಇಳಿಯಿತು. ಇಳಿದವರು ಸಾಲಾಗಿ ನಿಂತು ಅಲ್ಲಿನ ಟ್ವಿ ಭಾಷೆಯಲ್ಲಿ ಒಂದು ಹಾಡು ಹೇಳಿದರು. ಆತಿಥೇಯರ ಮನಸ್ಸು ಗೆದ್ದದ್ದು ಆ ಹಾಡು.

ಎರಡೇ ತಿಂಗಳಲ್ಲಿ ಇನ್ನೊಂದು ಪಾಠ. ನೈಜೀರಿಯಾದ ಇಬಾಡಾನ್‌ನಲ್ಲಿ ಸ್ವಯಂಸೇವಕಿಯೊಬ್ಬರು, ಇಲ್ಲಿನವರ ಬದುಕು ತೀರಾ ಹಿಂದುಳಿದದ್ದು ಎಂಬರ್ಥದ ಮಾತು ಬರೆದಿದ್ದ ಪೋಸ್ಟ್‌ಕಾರ್ಡ್ ಸ್ಥಳೀಯ ವಿದ್ಯಾರ್ಥಿಗಳ ಕೈಗೆ ಸಿಕ್ಕಿತು. ಪ್ರತಿಭಟನೆಯೇ ಎದ್ದಿತು. ಒಂದು ಕಾರ್ಡಿನ ತೂಕ ಎಷ್ಟೆಂದು ಎಲ್ಲರಿಗೂ ಅರಿವಾಯಿತು.

ಆ ದಶಕದ ಸಾಮಾನಿನಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಪುಸ್ತಕದ ಪೆಟ್ಟಿಗೆ. ಪೀಸ್ ಕೋರ್ ತಾನೇ ಕಳಿಸುತ್ತಿದ್ದ ಈ ಪೆಟ್ಟಿಗೆಯಲ್ಲಿ ಕಾದಂಬರಿ, ಇತಿಹಾಸ, ವಿಜ್ಞಾನ ಎಂದು ಇನ್ನೂರಕ್ಕೂ ಹೆಚ್ಚು ಅಗ್ಗದ ಪೇಪರ್‌ಬ್ಯಾಕ್ ಪುಸ್ತಕಗಳು. ತೆರೆದು ನಿಲ್ಲಿಸಿದರೆ ಪೆಟ್ಟಿಗೆಯೇ ಕಪಾಟು. ಕರೆಂಟಿಲ್ಲದ ಊರಿನಲ್ಲಿ ಲಾಟೀನು ಹಚ್ಚಿಕೊಂಡು ಓದಿದವರು, ಹೊರಡುವಾಗ ಅದನ್ನು ಊರಿಗೇ ಬಿಟ್ಟುಬಂದದ್ದೂ ಉಂಟು. ಒಬ್ಬರ ಒಂಟಿತನಕ್ಕೆಂದು ಬಂದದ್ದು ಹಲವರ ಪಾಲಿಗೆ ಗ್ರಂಥಾಲಯವಾಯಿತು.

ಭಾರತಕ್ಕೂ 1961ರಿಂದ 1976ರವರೆಗೆ ಈ ಸ್ವಯಂಸೇವಕರು ಬಂದರು. ಮುಂದೆ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್, 68ನೇ ವಯಸ್ಸಿನಲ್ಲಿ ಮುಂಬೈನ ವಿಕ್ರೋಲಿಯಲ್ಲಿ ನರ್ಸ್ ಆಗಿ ದುಡಿದರು. ಆಗಿನ ಮೈಸೂರು ರಾಜ್ಯಕ್ಕೆ ಬಂದವರು ಕನ್ನಡ ಕಲಿತು ಕೆಲಸಕ್ಕಿಳಿದರು.

ಇಂದು ಒಯ್ಯುವ ಸಾಮಾನಿಗೆ ಒಂದೊಂದು ದೇಶಕ್ಕೂ ಒಂದೊಂದು ಪಟ್ಟಿ. ಮಂಗೋಲಿಯಾಕ್ಕೆ ಹಿಮ ತಡೆಯುವ ಬೂಟು ಬೇಕು. ಮಲೇರಿಯಾ ಇರುವ ದೇಶಗಳಲ್ಲಿ ಸೊಳ್ಳೆಪರದೆಯನ್ನು ಸಂಸ್ಥೆಯೇ ಕೊಡುತ್ತದೆ. ಔಷಧಿಯ ಪೆಟ್ಟಿಗೆಯೂ ಅಲ್ಲೇ ಸಿಗುತ್ತದೆ. ಹೊರಡುವವರು ಒಯ್ಯಬೇಕಾದದ್ದು ಮೂರು ತಿಂಗಳಿಗಾಗುವಷ್ಟು ತಮ್ಮ ಮಾತ್ರೆ, ಎರಡು ಜೊತೆ ಕನ್ನಡಕ, ಗಟ್ಟಿ ಚಪ್ಪಲಿ, ತಲೆಗೆ ಕಟ್ಟುವ ಟಾರ್ಚು. ತಮ್ಮನ್ನು ಇರಿಸಿಕೊಳ್ಳುವ ಮನೆಯವರಿಗೆ ಒಂದು ಪುಟ್ಟ ಉಡುಗೊರೆ, ತೋರಿಸಲು ತಮ್ಮ ಮನೆಮಂದಿಯ ಫೋಟೊ. ಸೋಪು, ಬಟ್ಟೆ, ಪಾತ್ರೆ ಅಲ್ಲಿನ ಸಂತೆಯಲ್ಲೇ ಸಿಗುತ್ತವೆ. ಅಲ್ಲೇ ಕೊಂಡರೆ ಊರಿನ ಪರಿಚಯವೂ ಆಗುತ್ತದೆ.

ಪೀಸ್ ಕೋರ್ ಅಮೆರಿಕದ್ದು. ಆದರೆ ವಿಶ್ವಸಂಸ್ಥೆಯ ಸ್ವಯಂಸೇವಕರ ಯೋಜನೆಯಲ್ಲಿ ಭಾರತೀಯರಿಗೂ ಅವಕಾಶವಿದೆ. ನಮ್ಮ ಮಕ್ಕಳೂ ಹಾಗೆ ಹೊರಟಾಗ ಚೀಲಕ್ಕೆ ಚಟ್ನಿಪುಡಿ ತುಂಬುವ ಕೈಗಳು ಮನೆಮನೆಯಲ್ಲಿವೆ. ತುಂಬಲಿ. ಆದರೆ ಹೊರಡುವ ಮುನ್ನ ಆ ನಾಡಿನ ಭಾಷೆಯಲ್ಲಿ ಹತ್ತು ಮಾತನ್ನಾದರೂ ಕಲಿತಿರಲಿ. ವಿಮಾನದವರು ಅದನ್ನು ತೂಗುವುದಿಲ್ಲ. ಇಳಿದ ಊರಿನಲ್ಲಿ ಮೊದಲು ಬೇಕಾಗುವುದು ಅದೇ.