ಮಕ್ಕಳ ಬೆರಗನ್ನು ಚಿವುಟಬೇಡಿ

“ಅಮ್ಮಾ, ಮೊನ್ನೆ ಹಸಿರಾಗಿದ್ದ ತೋಟ ಇವತ್ತು ಯಾಕೆ ಬೆಳ್ಳಗಾಗಿದೆ?”

ಬೇಸಿಗೆಯ ಹೂಮಳೆ ಬಿದ್ದ ಕೆಲವು ದಿನಗಳಲ್ಲಿ ಆಲ್ದೂರಿನ ಸುತ್ತಮುತ್ತ ಕಾಫಿ ಗಿಡಗಳು ಮೈತುಂಬ ಹೂ ಬಿಟ್ಟಾಗ ಇಂಥ ಪ್ರಶ್ನೆ ಯಾವ ಮನೆಯಲ್ಲಾದರೂ ಕೇಳಿಬರಬಹುದು. ತೋಟಕ್ಕೋ ಆಫೀಸಿಗೋ ಹೊರಡುವ ಅವಸರದಲ್ಲಿ “ಸುಮ್ಮನಿರೋ ಮಾರಾಯ, ಮೊದಲು ತಿಂಡಿ ತಿನ್ನು” ಎಂದು ನಾವು ಗದರಿಸುತ್ತೇವೆ. ಒಂದು ದಿನ ಗದರಿದರೆ ದೊಡ್ಡ ನಷ್ಟವೇನಿಲ್ಲ. ಆದರೆ ದಿನವೂ ಇದೇ ಉತ್ತರ ಸಿಕ್ಕಿದರೆ ಮಗು ಕೇಳುವುದನ್ನೇ ಬಿಡುತ್ತದೆ. ಕೇಳುವುದನ್ನು ಬಿಟ್ಟ ಮಗು ಕ್ರಮೇಣ ನೋಡುವುದನ್ನೂ ಬಿಡುತ್ತದೆ.

ಬೆರಗಿನ ಕೆಲಸವೇನು?

ಮಗುವಿಗೆ ಐದಾರು ವರ್ಷವಾಗುವಷ್ಟರಲ್ಲಿ ಅದರ ಮೆದುಳು ದೊಡ್ಡವರ ಮೆದುಳಿನ ಗಾತ್ರದ ಸುಮಾರು ಶೇ. 90ರಷ್ಟು ಬೆಳೆದಿರುತ್ತದೆ. ನರಕೋಶಗಳ ನಡುವಿನ ಸಂಪರ್ಕಗಳಲ್ಲಿ ಬಳಕೆಯಾದವು ಬಲಗೊಳ್ಳುತ್ತವೆ, ಬಳಸದೆ ಉಳಿದವು ಕಳಚಿಕೊಳ್ಳುತ್ತವೆ. ಕುತೂಹಲ ಕೆರಳಿದಾಗ ಕಲಿತದ್ದು ನೆನಪಿನಲ್ಲಿ ಹೆಚ್ಚು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದನ್ನು 2014ರಲ್ಲಿ ಅಮೆರಿಕದ ವಿಜ್ಞಾನಿಗಳು ವಯಸ್ಕರ ಮೆದುಳಿನ ಚಿತ್ರಣದ ಮೂಲಕ ತೋರಿಸಿದರು. ಆದ್ದರಿಂದ ಬೆರಗು ಓದಿಗೆ ಅಡ್ಡಿಯಲ್ಲ, ಓದಿನ ಬೇರು.

ನಮ್ಮ ಮಲೆನಾಡೇ ಸಾಕ್ಷಿ

ಇದಕ್ಕೆ ಉದಾಹರಣೆ ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. 1904ರಲ್ಲಿ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬೆಳೆದದ್ದು ಕುಪ್ಪಳಿಯ ಕಾಡು-ಗುಡ್ಡಗಳ ನಡುವೆ. ಬಾಲ್ಯದಲ್ಲಿ ಕಂಡ ಆ ಮಲೆ, ಮಳೆ, ಮನುಷ್ಯರೇ 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಜೀವ ತಳೆದವು. ಆಗ ಅವರಿಗೆ ಅರವತ್ತು ದಾಟಿತ್ತು. ಎಳವೆಯ ಬೆರಗು ಎಷ್ಟು ಕಾಲ ಬಾಳುತ್ತದೆ ನೋಡಿ!

ಅವರ ಮಗ ಪೂರ್ಣಚಂದ್ರ ತೇಜಸ್ವಿ ಆಲ್ದೂರಿಗೆ ದೂರವಲ್ಲದ ಮೂಡಿಗೆರೆಯಲ್ಲಿ ನೆಲೆಸಿ, ಕೃಷಿಯ ಜೊತೆಗೆ ಹಕ್ಕಿ, ಮೀನು, ಕೀಟಗಳ ಬೆನ್ನು ಹತ್ತಿದರು. ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಮಂದಣ್ಣ ಎಂಬ ಹಳ್ಳಿ ಹುಡುಗನಿದ್ದಾನೆ. ಊರವರ ಕಣ್ಣಿಗೆ ಅವನು ಬರೀ ಪೆದ್ದ. ವಿಜ್ಞಾನಿ ಕರ್ವಾಲೊ ಅವರಿಗೆ ಮಾತ್ರ ಅವನಲ್ಲಿ ಹುಟ್ಟು ನಿಸರ್ಗ ವಿಜ್ಞಾನಿ ಕಾಣಿಸುತ್ತಾನೆ. ನಿಮ್ಮ ಮನೆಯಲ್ಲೂ ಒಬ್ಬ ಮಂದಣ್ಣ ಇರಬಹುದು. ಅವನನ್ನು ಗುರುತಿಸುವ ಕಣ್ಣು ನಿಮಗಿರಬೇಕು, ಅಷ್ಟೆ.

ಬಹುಮಾನದ ಆಸೆ ಬೇಡ

“ಚಿತ್ರ ಬರೆದರೆ ಚಾಕೊಲೇಟ್ ಕೊಡುತ್ತೇನೆ” ಎನ್ನುವ ಅಭ್ಯಾಸ ನಿಮಗಿದೆಯೇ? 1973ರಲ್ಲಿ ಅಮೆರಿಕದ ಒಂದು ಶಿಶುವಿಹಾರದಲ್ಲಿ ಚಿತ್ರ ಬಿಡಿಸಲು ಇಷ್ಟಪಡುವ ಮಕ್ಕಳನ್ನು ಪರೀಕ್ಷಿಸಿದ ಅಧ್ಯಯನವೊಂದು ಪ್ರಕಟವಾಯಿತು. ಬಹುಮಾನ ಕೊಡುವುದಾಗಿ ಮೊದಲೇ ಹೇಳಿ ಚಿತ್ರ ಬರೆಸಿಕೊಂಡ ಮಕ್ಕಳು, ಮುಂದೆ ಬಿಡುವಿನ ವೇಳೆಯಲ್ಲಿ ತಾವಾಗಿ ಚಿತ್ರ ಬರೆಯುವುದನ್ನು ಕಡಿಮೆ ಮಾಡಿದ್ದರು. ಆಸೆ ತೋರಿಸದೆ ಅನಿರೀಕ್ಷಿತವಾಗಿ ಬಹುಮಾನ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಆಟವಾಗಿದ್ದದ್ದು ಕೂಲಿಯಾದರೆ ಖುಷಿ ಹೋಗುತ್ತದೆ.

ಮಗು ಮಂಕಾಗಿದ್ದರೆ

ಮೊದಲು ಚಟುವಟಿಕೆಯಿಂದಿದ್ದ ಮಗು ಈಗ ಯಾವುದರಲ್ಲೂ ಆಸಕ್ತಿ ತೋರಿಸದಿದ್ದರೆ ‘ಸೋಮಾರಿ’ ಎಂದು ಹಣೆಪಟ್ಟಿ ಹಚ್ಚಬೇಡಿ. ಕಬ್ಬಿಣಾಂಶದ ಕೊರತೆಯಿಂದ ಬರುವ ರಕ್ತಹೀನತೆ, ಕೊಕ್ಕೆಹುಳು, ನಿದ್ದೆಗೇಡು, ದೃಷ್ಟಿ ಅಥವಾ ಶ್ರವಣ ದೋಷ, ಶಾಲೆಯಲ್ಲಿನ ಹೆದರಿಕೆ – ಇವುಗಳಲ್ಲಿ ಯಾವುದೂ ಕಾರಣವಾಗಿರಬಹುದು. ಮಾತು ತಡವಾದ, ನೀವು ಬೆರಳು ತೋರಿಸಿದ ಕಡೆ ನೋಡದ, ಹೆಸರು ಕರೆದರೆ ತಿರುಗದ ಮಗುವನ್ನು ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ.

ಹೊರಗೆ ಬಿಡಿ, ಎಚ್ಚರವೂ ಇರಲಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಸಲಹೆಯಂತೆ ಎರಡರಿಂದ ನಾಲ್ಕು ವರ್ಷದ ಮಕ್ಕಳು ಟಿ.ವಿ., ಮೊಬೈಲ್ ಮುಂದೆ ಕೂರುವುದು ದಿನಕ್ಕೆ ಒಂದು ಗಂಟೆ ಮೀರಬಾರದು. ಒಂದು ವರ್ಷದೊಳಗಿನ ಕೂಸುಗಳಿಗೆ ಅದು ಬೇಡವೇ ಬೇಡ. ಮೂರು-ನಾಲ್ಕು ವರ್ಷದವರಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಬಯಲಿನ ಬೆಳಕಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಾಣಿಸಿಕೊಳ್ಳುವುದೂ ಕಡಿಮೆ.

ಹಾಗೆಂದು ಮಕ್ಕಳನ್ನು ತೋಟದಲ್ಲಿ ಒಂಟಿಯಾಗಿ ಬಿಡಬೇಡಿ. ಔಷಧಿ ಸಿಂಪಡಿಸಿದ ಕಡೆ ಸುಳಿಯಲು ಬಿಡಬೇಡಿ. ಮಳೆಗಾಲದಲ್ಲಿ ಹಳ್ಳದ ಬಳಿ ದೊಡ್ಡವರು ಜೊತೆಗಿರಲಿ. ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ. ಡಿಸೆಂಬರ್‌ನಿಂದ ಮೇವರೆಗೆ ಅದರ ಭಯ ಹೆಚ್ಚು. ಈ ದಿನಗಳಲ್ಲಿ ಕಾಡಂಚಿಗೆ ಹೋಗದಿರುವುದು ಒಳ್ಳೆಯದು. ಹೋಗಲೇಬೇಕಾದರೆ ಮೈತುಂಬ ಬಟ್ಟೆ ಹಾಕಿಸಿ, ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಮೈಯೆಲ್ಲ ಪರೀಕ್ಷಿಸಿ. ಹಾವು ಕಚ್ಚಿದರೆ ಗಾಯ ಕೊಯ್ಯದೆ, ಬಿಗಿಯಾಗಿ ಕಟ್ಟದೆ, ನೇರ ಆಸ್ಪತ್ರೆಗೆ ಕರೆದೊಯ್ಯಿರಿ.

ನೀವೇನು ಮಾಡಬಹುದು?

* ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ “ನನಗೂ ಗೊತ್ತಿಲ್ಲ, ಬಾ, ನೋಡೋಣ” ಎನ್ನಿ. ಗೌರವವೇನೂ ಕಡಿಮೆಯಾಗದು.

* ದಿನಕ್ಕೆ ಹದಿನೈದು ನಿಮಿಷ ಮಗುವಿನ ಜೊತೆ ಸುಮ್ಮನೆ ನಡೆಯಿರಿ. ಅದು ನಿಂತಲ್ಲಿ ನೀವೂ ನಿಲ್ಲಿ.

* ಹಳೆಯ ಡೈರಿ, ಪೆನ್ಸಿಲ್ ಕೊಡಿ. ಕಂಡದ್ದನ್ನು ಬರೆಯಲಿ, ಗೀಚಲಿ. ಕಾಗುಣಿತ ತಿದ್ದುವ ಆತುರ ಬೇಡ.

* ಅಜ್ಜ-ಅಜ್ಜಿಯರಿಂದ ಕಥೆ ಹೇಳಿಸಿ.

* “ಬೇಜಾರು” ಎಂದ ಕೂಡಲೇ ಮೊಬೈಲ್ ಕೈಗಿಡಬೇಡಿ. ಬೇಜಾರಿನಿಂದಲೇ ಹೊಸ ಆಟ ಹುಟ್ಟುತ್ತದೆ.

ಎಲ್ಲ ಮಕ್ಕಳೂ ಕವಿಗಳಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಆದರೆ ಕಣ್ಣರಳಿಸಿ ನೋಡಲು ಕಲಿತ ಮಗು ಮುಂದೆ ತೋಟ ಮಾಡಲಿ, ಪಾಠ ಹೇಳಲಿ, ಮಗ್ಗವನ್ನೇ ನೇಯಲಿ, ತನ್ನ ಕೆಲಸದಲ್ಲಿ ಹೊಸದೊಂದನ್ನು ಕಾಣುತ್ತದೆ. ಇಂದು ಸಂಜೆ ನಿಮ್ಮ ಮಗು ಏನಾದರೂ ಕೇಳಿದರೆ ಐದು ನಿಮಿಷ ಕೊಡಿ. ಈ ಔಷಧಿಗೆ ಖರ್ಚಿಲ್ಲ, ಅಡ್ಡ ಪರಿಣಾಮವೂ ಇಲ್ಲ.