ಚಿನ್ನದ ಕಣ ನೀರಿನಲ್ಲಿ ಉಳಿಯುತ್ತದೋ, ಟೊಲುಯಿನ್‌ಗೆ ಹಾರುತ್ತದೋ? ತೀರ್ಮಾನ ಮೈಮೇಲಿನ ಹೊದಿಕೆಯದ್ದು

ಚಿನ್ನವನ್ನು ನ್ಯಾನೋ ಗಾತ್ರಕ್ಕೆ ಇಳಿಸಿದರೆ ಅದು ಹಳದಿಯಾಗಿ ಉಳಿಯುವುದಿಲ್ಲ. ಪ್ರಯೋಗಾಲಯದಲ್ಲಿ ತಯಾರಿಸಿದ ಚಿನ್ನದ ನ್ಯಾನೋ ಕಣಗಳ ನೀರು ದಾಳಿಂಬೆ ರಸದಂತೆ ಕೆಂಪು. ಈ ಕೆಂಪು ನೀರನ್ನು ಎರಡು ಗಾಜಿನ ಲೋಟಗಳಿಗೆ ಸ್ವಲ್ಪ ಸ್ವಲ್ಪ ಸುರಿದುಕೊಳ್ಳಿ. ಒಂದಕ್ಕೆ ವಿಜಯವಾಡದ ಪ್ರಕಾಶಂ ಬ್ಯಾರೇಜ್ ಬಳಿ ತುಂಬಿ ತಂದ ಕೃಷ್ಣಾ ನದಿಯ ನೀರನ್ನೂ, ಇನ್ನೊಂದಕ್ಕೆ ವಿಶಾಖಪಟ್ಟಣದ ಆರ್‌.ಕೆ. ಬೀಚ್‌ನಲ್ಲಿ ತುಂಬಿ ತಂದ ಸಮುದ್ರದ ನೀರನ್ನೂ ಬೆರೆಸಿದರೆ ಏನಾಗುತ್ತದೆ?

ಸಮುದ್ರದ ನೀರು ಬಿದ್ದ ಲೋಟ ನೋಡನೋಡುತ್ತಲೇ ನೇರಳೆಯಾಗಿ, ನೀಲಿಯಾಗಿ, ಕೊನೆಗೆ ತಳದಲ್ಲಿ ಕಪ್ಪು ಮಡ್ಡಿ ಬಿಡುತ್ತದೆ. ಕೃಷ್ಣೆಯ ನೀರು ಬಿದ್ದ ಲೋಟದಲ್ಲಿ ಕೆಂಪು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆದರೆ ಅದೇ ಕಣಗಳಿಗೆ ಮೊದಲೇ ಜೆಲಟಿನ್‌ನಂಥ ಪ್ರೋಟೀನಿನ ತೆಳು ಹೊದಿಕೆ ಹಾಕಿದ್ದರೆ, ವಿಶಾಖಪಟ್ಟಣದ ಉಪ್ಪುನೀರಿನಲ್ಲೂ ಅವು ಕೆಂಪಾಗಿಯೇ ತೇಲಿಕೊಂಡಿರುತ್ತವೆ. ಲೋಹ ಬದಲಾಗಿಲ್ಲ, ಗಾತ್ರ ಬದಲಾಗಿಲ್ಲ. ಬದಲಾದದ್ದು ಮೈಮೇಲಿನ ಅಂಗಿ ಮಾತ್ರ.

ಯಾವ ದ್ರವದಲ್ಲಿ ಇರಬೇಕು, ಯಾವುದರಿಂದ ಯಾವುದಕ್ಕೆ ದಾಟಬೇಕು, ಎಲ್ಲಿ ಮುದ್ದೆಯಾಗಿ ಬೀಳಬೇಕು ಎಂಬುದನ್ನು ಲೋಹದ ನ್ಯಾನೋ ಕಣಕ್ಕೆ ಹೇಳಿಕೊಡುವುದು ಈ ಅಂಗಿಯೇ. ಮನೆಯಲ್ಲಿ ಮಾಡುವ ಗರ್ಭಧಾರಣೆ ಪರೀಕ್ಷೆಯ ಕಿಟ್‌ನಿಂದ ಹಿಡಿದು ನದಿ ಸೇರುವ ಬೆಳ್ಳಿಯವರೆಗೆ ಅನೇಕ ವಿಷಯಗಳು ಇದರ ಮೇಲೆ ನಿಂತಿವೆ.

ಉಪ್ಪು ಕಂಡರೆ ಏಕೆ ಭಯ?

ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು. ಚಿನ್ನದ ಲವಣದ ಕುದಿಯುವ ದ್ರಾವಣಕ್ಕೆ ಸೋಡಿಯಂ ಸಿಟ್ರೇಟ್ ಸೇರಿಸಿ ಕಣ ತಯಾರಿಸುವ ವಿಧಾನ 1951ರಿಂದ ಬಳಕೆಯಲ್ಲಿದೆ. ಸಿಟ್ರೇಟ್ ಎಂದರೆ ನಿಂಬೆಹಣ್ಣಿನ ಹುಳಿಯ ಲವಣ. ಹೀಗೆ ಹುಟ್ಟುವ ಕಣಗಳು ಸುಮಾರು 15ರಿಂದ 20 ನ್ಯಾನೋಮೀಟರ್ ದಪ್ಪ ಇರುತ್ತವೆ. ಸಿಟ್ರೇಟ್ ಕಣದ ಮೈಗೆ ಅಂಟಿಕೊಂಡು ಅದಕ್ಕೆ ಋಣ ವಿದ್ಯುದಂಶ ಕೊಡುತ್ತದೆ. ಎಲ್ಲ ಕಣಗಳಿಗೂ ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಒಂದನ್ನೊಂದು ದೂರ ತಳ್ಳುತ್ತವೆ. ಹತ್ತಿರ ಬಂದರೆ ಅಂಟಿಕೊಳ್ಳುವುದು ಲೋಹದ ಕಣಗಳ ಸ್ವಭಾವ. ಬರದಂತೆ ತಡೆಯುತ್ತಿರುವುದು ಈ ತಳ್ಳಾಟ ಮಾತ್ರ.

ಉಪ್ಪು ಮಾಡುವುದು ಆ ತಳ್ಳಾಟದ ಕೈ ಕತ್ತರಿಸುವ ಕೆಲಸ. ಲೀಟರಿಗೆ ಸುಮಾರು 60 ಮಿಲಿಗ್ರಾಂ ಅಡುಗೆ ಉಪ್ಪು ಇರುವ ನೀರಿನಲ್ಲಿ ಕಣದ ವಿದ್ಯುತ್ ಪ್ರಭಾವ ಸುಮಾರು 10 ನ್ಯಾನೋಮೀಟರ್ ದೂರದವರೆಗೆ ಚಾಚಿರುತ್ತದೆ. ಸಮುದ್ರದ ನೀರಿನಲ್ಲಿ ಉಪ್ಪು ಲೀಟರಿಗೆ ಸುಮಾರು 35 ಗ್ರಾಂ. ಬಂಗಾಳ ಕೊಲ್ಲಿಗೆ ದೊಡ್ಡ ನದಿಗಳ ಸಿಹಿನೀರು ಬಂದು ಸೇರುವುದರಿಂದ ಅಲ್ಲಿ ಸ್ವಲ್ಪ ಕಡಿಮೆ, ಅಷ್ಟೇ. ಅಂಥ ನೀರಿನಲ್ಲಿ ವಿದ್ಯುತ್ತಿನ ಚಾಚು ಅರ್ಧ ನ್ಯಾನೋಮೀಟರ್ ಕೂಡ ಇರುವುದಿಲ್ಲ. ಕಣಗಳು ಢಿಕ್ಕಿ ಹೊಡೆದು ಅಂಟಿಕೊಳ್ಳುತ್ತವೆ. ಅಂಟಿಕೊಂಡ ಕಣಗಳು ಬೆಳಕನ್ನು ಬೇರೆ ರೀತಿ ಹೀರುವುದರಿಂದ ಕೆಂಪು ಹೋಗಿ ನೀಲಿ ಬರುತ್ತದೆ. ಸಿಟ್ರೇಟ್ ಹೊದಿಕೆಯ ಕಣಗಳಿಗೆ ಸಮುದ್ರದಷ್ಟು ಉಪ್ಪೇನೂ ಬೇಕಿಲ್ಲ, ಲೀಟರಿಗೆ ಕೆಲವು ಗ್ರಾಂ ಸಾಕು.

ಇದನ್ನು ಮೊದಲು ಗಮನಿಸಿದವರಲ್ಲಿ ಒಬ್ಬ ಮೈಕೇಲ್ ಫ್ಯಾರಡೆ. 1857ರಲ್ಲಿ ಲಂಡನ್ನಿನಲ್ಲಿ ಕೆಂಪು ಚಿನ್ನದ ದ್ರಾವಣ ಮಾಡಿ, ಉಪ್ಪು ಹಾಕಿದರೆ ಅದು ನೀಲಿಯಾಗುವುದನ್ನೂ, ಜೆಲ್ಲಿಯಂಥ ವಸ್ತು ಸೇರಿಸಿದರೆ ಕೆಂಪು ಉಳಿಯುವುದನ್ನೂ ಬರೆದಿಟ್ಟ. ರಿಚರ್ಡ್ ಜಿಗ್ಮಂಡಿ 1901ರ ಹೊತ್ತಿಗೆ ಅದನ್ನು ಲೆಕ್ಕಕ್ಕೆ ತಂದ. ಪಿಯುಸಿ ರಸಾಯನಶಾಸ್ತ್ರದಲ್ಲಿ 'ಗೋಲ್ಡ್ ನಂಬರ್' ಎಂದು ಬಾಯಿಪಾಠ ಮಾಡಿದವರಿಗೆ ಇದು ನೆನಪಿರಬಹುದು: 10 ಮಿಲಿಲೀಟರ್ ಕೆಂಪು ಚಿನ್ನದ ದ್ರಾವಣಕ್ಕೆ ಶೇ 10ರ ಉಪ್ಪುನೀರು 1 ಮಿಲಿಲೀಟರ್ ಹಾಕಿದಾಗ, ಬಣ್ಣ ಕೆಡದಂತೆ ತಡೆಯಲು ಒಂದು ವಸ್ತು ಎಷ್ಟು ಮಿಲಿಗ್ರಾಂ ಬೇಕು ಎಂಬುದೇ ಆ ಸಂಖ್ಯೆ. ಜೆಲಟಿನ್‌ಗೆ ಅದು 0.005ರಿಂದ 0.01, ಅರಬ್ಬಿ ಗೋಂದಿಗೆ 0.15ರಿಂದ 0.25, ಆಲೂಗಡ್ಡೆ ಪಿಷ್ಟಕ್ಕೆ ಸುಮಾರು 25. ಅಂದರೆ ಹೊದಿಕೆಯಾಗಿ ಪಿಷ್ಟ ಬಹಳ ಬಡಪಾಯಿ. ಜಿಗ್ಮಂಡಿಗೆ 1925ರ ನೊಬೆಲ್ ಪ್ರಶಸ್ತಿ ಬಂತು. ಪರೀಕ್ಷೆ ಮುಗಿದ ಮೇಲೆ ನಾವು ಮರೆತ ಆ ಸಂಖ್ಯೆಯ ಹಿಂದಿನ ಉಪಾಯ ಇವತ್ತಿಗೂ ನಿತ್ಯದ ಬಳಕೆಯಲ್ಲಿದೆ.

ಕಿಟ್‌ನ ಕೆಂಪು ಗೆರೆ

ವಿಶಾಖಪಟ್ಟಣದಲ್ಲಿ ಸುಮಾರು 270 ಎಕರೆಯ ಆಂಧ್ರಪ್ರದೇಶ ಮೆಡ್‌ಟೆಕ್ ಝೋನ್ ಇದೆ. ವೈದ್ಯಕೀಯ ಸಾಧನಗಳ ತಯಾರಿಕೆಗೆಂದೇ ಮೀಸಲಾದ ಜಾಗ ಅದು. ಕೋವಿಡ್ ಕಾಲದಲ್ಲಿ ಅಲ್ಲಿ ಪರೀಕ್ಷಾ ಕಿಟ್, ವೆಂಟಿಲೇಟರ್‌ಗಳು ತಯಾರಾದವು. ಪರೀಕ್ಷಾ ಕಿಟ್ ಎಂದರೆ ಹಲವು ಬಗೆ. ಮೂಗಿನ ದ್ರವ ಅಥವಾ ಮೂತ್ರದ ಹನಿ ಹಾಕಿ ಹದಿನೈದು ನಿಮಿಷ ಕಾಯುವ, ಪಟ್ಟಿಯಂಥ ಕಿಟ್‌ಗಳಲ್ಲಿ ಮೂಡುವ ಕೆಂಪು ಗೆರೆ ಬಹಳಷ್ಟು ಸಲ ಚಿನ್ನದ ನ್ಯಾನೋ ಕಣಗಳದ್ದೇ.

ಆ ಕಣಗಳಿಗೆ ಪ್ರತಿಕಾಯ ಎಂಬ ಪ್ರೋಟೀನಿನ ಅಂಗಿ ತೊಡಿಸಿರುತ್ತಾರೆ. ಮೂತ್ರದಲ್ಲಿ ಉಪ್ಪಿದೆ, ಕಿಟ್ ಜೊತೆ ಕೊಡುವ ದ್ರಾವಣದಲ್ಲೂ ಉಪ್ಪಿದೆ. ಅಂಗಿ ಹರಕಲಾಗಿದ್ದರೆ ಕಣಗಳು ಪಟ್ಟಿಯ ಮೇಲೆ ಹರಿಯುವ ಮೊದಲೇ ಮುದ್ದೆಯಾಗಿ ಅಲ್ಲೇ ಸಿಕ್ಕಿಕೊಳ್ಳುತ್ತವೆ. ಬರಬೇಕಾದ ಗೆರೆ ಬರುವುದಿಲ್ಲ, ಅಥವಾ ಬರಬಾರದ ಕಡೆ ಕಲೆ ಮೂಡುತ್ತದೆ. ಹಾಗಾಗಿ ಕಿಟ್ ರೂಪಿಸುವವರು ಸಣ್ಣ ನಳಿಕೆಗಳಲ್ಲಿ ಚಿನ್ನದ ದ್ರಾವಣ ಇಟ್ಟು, ಒಂದೊಂದಕ್ಕೂ ಬೇರೆ ಬೇರೆ ಪ್ರಮಾಣದ ಪ್ರತಿಕಾಯ ಸೇರಿಸಿ, ಆಮೇಲೆ ಶೇ 10ರ ಉಪ್ಪುನೀರು ಹಾಕಿ ನೋಡುತ್ತಾರೆ. ಕೆಂಪಾಗಿ ಉಳಿದ ಮೊದಲ ನಳಿಕೆಯೇ ಸಾಕಾಗುವ ಅಳತೆ. ಶತಮಾನ ಕಳೆದರೂ ಜಿಗ್ಮಂಡಿಯ ಉಪ್ಪಿನ ಪರೀಕ್ಷೆಗೆ ನಿವೃತ್ತಿ ಸಿಕ್ಕಿಲ್ಲ.

ನೀರಿನಿಂದ ಎಣ್ಣೆಯತ್ತ: ಜಕ್ಕೂರಿನ ಪ್ರಯೋಗ

ಇಲ್ಲಿಯವರೆಗಿನದು ಸಿಹಿನೀರು, ಉಪ್ಪುನೀರಿನ ಕಥೆ. ಒಂದರಲ್ಲೊಂದು ಬೆರೆಯದ ದ್ರವಗಳ ನಡುವೆ ಕಣವನ್ನು ದಾಟಿಸುವುದು ಇನ್ನೂ ಕಷ್ಟ. ಪೇಂಟ್ ಥಿನ್ನರ್‌ನಲ್ಲಿ ಬಳಸುವ ಟೊಲುಯಿನ್ ಅನ್ನು ಕೆಂಪು ಚಿನ್ನದ ನೀರಿನ ಮೇಲೆ ಸುರಿದರೆ, ಎಣ್ಣೆಯಂತೆ ಮೇಲೆ ನಿಲ್ಲುತ್ತದೆ. ಎಷ್ಟು ಕಲಕಿ ಬಿಟ್ಟರೂ ಕೆಂಪು ಕೆಳಗಿನ ನೀರಿನಲ್ಲೇ ಇರುತ್ತದೆ. ಟೊಲುಯಿನ್‌ನಲ್ಲಿ ವಿದ್ಯುದಂಶಕ್ಕೆ ಆಸರೆ ಇಲ್ಲ. ವಿದ್ಯುದಂಶದ ಅಂಗಿ ತೊಟ್ಟ ಕಣಕ್ಕೆ ಅಲ್ಲಿ ಪ್ರವೇಶವಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್‌.ಆರ್‌. ರಾವ್, ಜಿ.ಯು. ಕುಲಕರ್ಣಿ ಮತ್ತು ಕೆ. ವಿಜಯ ಸಾರಥಿ 1997ರಲ್ಲಿ ಇದಕ್ಕೊಂದು ದಾರಿ ಪ್ರಕಟಿಸಿದರು. ಟೊಲುಯಿನ್‌ನಲ್ಲಿ ಮೊದಲೇ ಥಯೋಲ್ ಎಂಬ ವಸ್ತುವನ್ನು ಕರಗಿಸಿಡುವುದು. ಥಯೋಲ್ ಅಣುವಿನ ತಲೆಯಲ್ಲಿ ಗಂಧಕ ಇರುತ್ತದೆ, ಅದು ಚಿನ್ನ, ಬೆಳ್ಳಿ, ಪ್ಲಾಟಿನಂ ಕಂಡರೆ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಬಾಲ ಇಂಗಾಲದ ಉದ್ದ ಸರಪಳಿ, ಎಣ್ಣೆಯ ಜಾತಿ. ಎರಡು ಪದರಗಳನ್ನು ಜೋರಾಗಿ ಕಲಕುತ್ತಾ ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ, ಕೆಳಗಿನ ಬಣ್ಣ ಮೇಲೇರಿ ನೀರು ತಿಳಿಯಾಗುತ್ತದೆ. ಲೋಹ ಟೊಲುಯಿನ್‌ಗೆ ದಾಟಿತು ಎಂದು ತಿಳಿಯಲು ಯಂತ್ರ ಬೇಕಿಲ್ಲ, ಕಣ್ಣು ಸಾಕು.

ಆಮ್ಲದ ಕೆಲಸ ಏನು? ಕಣವನ್ನು ನೀರಿಗೆ ಕಟ್ಟಿಹಾಕಿದ್ದ ವಿದ್ಯುದಂಶದ ಹಿಡಿತವನ್ನು ಸಡಿಲಿಸುವುದು. ಬರೀ ಸಡಿಲಿಸಿದರೆ ಕಣಗಳು ಮುದ್ದೆಯಾಗುತ್ತವೆ, ಸಮುದ್ರದ ನೀರಿನಲ್ಲಿ ಆದಂತೆಯೇ. ಅದೇ ಗಳಿಗೆಗೆ ಥಯೋಲ್ ಬಂದು ಹೊಸ ಅಂಗಿ ತೊಡಿಸಬೇಕು. ಹಳೆಯದನ್ನು ಕಳಚುವುದಕ್ಕೂ ಹೊಸದನ್ನು ತೊಡುವುದಕ್ಕೂ ನಡುವೆ ಇರುವ ಆ ಸಣ್ಣ ಸಮಯದಲ್ಲೇ ಪ್ರಯೋಗ ಗೆಲ್ಲುವುದು ಅಥವಾ ಸೋಲುವುದು. ಕಣ ದೊಡ್ಡದಾದಷ್ಟೂ ಸೋಲಿನ ಸಾಧ್ಯತೆ ಹೆಚ್ಚು, ಏಕೆಂದರೆ ದೊಡ್ಡ ಕಣಗಳ ನಡುವಿನ ಸೆಳೆತ ಬಲವಾದದ್ದು, ಸಣ್ಣ ಬಾಲಗಳು ಅದನ್ನು ತಡೆಯಲಾರವು.

ಅದಕ್ಕೂ ಮೂರು ವರ್ಷ ಮೊದಲು, 1994ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನ ಮಥಿಯಾಸ್ ಬ್ರಸ್ಟ್ ಮತ್ತು ಸಂಗಡಿಗರು ಬೇರೊಂದು ಕ್ರಮ ತೋರಿಸಿದ್ದರು. ಅವರು ದಾಟಿಸಿದ್ದು ಕಣವನ್ನಲ್ಲ, ಚಿನ್ನದ ಲವಣವನ್ನು. ಲವಣ ಟೊಲುಯಿನ್ ಸೇರಿದ ಮೇಲೆ ಅಲ್ಲೇ ಥಯೋಲ್ ಜೊತೆ 1ರಿಂದ 3 ನ್ಯಾನೋಮೀಟರಿನ ಕಣ ಹುಟ್ಟಿಸಿದರು. ಆ ಕಣಗಳನ್ನು ಒಣಗಿಸಿ ಪುಡಿಯಾಗಿ ಇಟ್ಟುಕೊಂಡು ಬೇಕಾದಾಗ ಮತ್ತೆ ಕರಗಿಸಬಹುದಿತ್ತು. ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದಲ್ಲಿ ಮುರಳಿ ಶಾಸ್ತ್ರಿ ತಂಡ ಥಯೋಲ್ ಬದಲು ಉದ್ದ ಬಾಲದ ಅಮೈನ್ ಬಳಸಿ ನೀರಿನ ಚಿನ್ನವನ್ನು ಸಾವಯವ ದ್ರಾವಕಕ್ಕೆ ತಂದಿತು.

ದಾಟುವಾಗ ನಡುವೆಯೇ ಸಿಕ್ಕಿಕೊಳ್ಳುವುದೂ ಉಂಟು. ಹೊದಿಕೆ ಅರ್ಧ ನೀರಿಗೆ, ಅರ್ಧ ಎಣ್ಣೆಗೆ ಒಗ್ಗುವಂತಿದ್ದರೆ ಕಣ ಎರಡು ಪದರಗಳ ಗಡಿಯಲ್ಲೇ ಕೂತುಬಿಡುತ್ತದೆ. ಸೀಸೆಯ ನಡುವಿನಲ್ಲಿ ಚಿನ್ನದ ತೆಳು ಪೊರೆ ಹೊಳೆಯುತ್ತದೆ. ದಾಟಿಸಲು ಹೊರಟವರಿಗೆ ಇದು ಕಿರಿಕಿರಿ. ಜಕ್ಕೂರಿನ ತಂಡಕ್ಕೆ ಮಾತ್ರ ಈ ಗಡಿಯೇ ಕೆಲಸದ ಜಾಗವಾಯಿತು. ಟೊಲುಯಿನ್ ಮತ್ತು ನೀರು ಸಂಧಿಸುವಲ್ಲೇ ಲೋಹದ ನ್ಯಾನೋ ಹರಳುಗಳ ಪೊರೆ ಬೆಳೆಸುವ ಕ್ರಮವನ್ನು ಅವರು 2003ರಲ್ಲಿ ಪ್ರಕಟಿಸಿದರು.

ಮತ್ತೆ ನೀರಿಗೆ, ಅಲ್ಲಿಂದ ರಕ್ತಕ್ಕೆ

ಇಷ್ಟೆಲ್ಲ ಕಷ್ಟಪಟ್ಟು ಎಣ್ಣೆಗೆ ದಾಟಿಸುವುದು ಏಕೆ? ಸಾವಯವ ದ್ರಾವಕದಲ್ಲಿ ಕಣಗಳನ್ನು ಒಂದೇ ಗಾತ್ರಕ್ಕೆ ತರುವುದು ಸುಲಭ, ಒತ್ತೊತ್ತಾಗಿ ತುಂಬಿಡಬಹುದು, ಹಾಸಿ ಒಣಗಿಸಿದರೆ ಸಾಲಾಗಿ ಜೋಡಣೆಯಾಗುತ್ತವೆ. ಆದರೆ ದೇಹದೊಳಗೆ ಹೋಗಬೇಕಾದ ಕಣಕ್ಕೆ ಟೊಲುಯಿನ್ ನಡೆಯದು. ರಕ್ತ ಎಂದರೆ ಉಪ್ಪು ಬೆರೆತ ನೀರು. ಲೀಟರಿಗೆ ಸುಮಾರು 9 ಗ್ರಾಂ ಉಪ್ಪಿರುವ ಸಲೈನ್ ಬಾಟಲಿಯನ್ನೇ ನೆನಪಿಸಿಕೊಳ್ಳಿ. ಹಾಗಾಗಿ ಎಣ್ಣೆಯಲ್ಲಿ ಹುಟ್ಟಿದ ಕಣವನ್ನು ನೀರಿಗೆ ತರಬೇಕು, ಉಪ್ಪಿಗೂ ಅಂಜದಂತೆ ಮಾಡಬೇಕು.

ಇದಕ್ಕೆ ಎರಡು ದಾರಿ. ಎಣ್ಣೆಯ ಅಂಗಿ ಕಳಚಿ ನೀರಿನದ್ದನ್ನು ತೊಡಿಸುವುದು ಒಂದು. ಕಳಚುವ ಗೊಡವೆಗೇ ಹೋಗದೆ, ಒಳಮುಖ ಎಣ್ಣೆಗೂ ಹೊರಮುಖ ನೀರಿಗೂ ಒಗ್ಗುವ ಪಾಲಿಮರನ್ನು ಮೇಲಂಗಿಯಂತೆ ಸುತ್ತುವುದು ಇನ್ನೊಂದು. ಹೆಚ್ಚು ಬಳಕೆಯಲ್ಲಿರುವ ಹೊದಿಕೆ ಪಾಲಿಎಥಿಲೀನ್ ಗ್ಲೈಕಾಲ್, ಚಿಕ್ಕದಾಗಿ ಪೆಗ್. ಇದೊಂದು ವಿಚಿತ್ರ ವಸ್ತು, ನೀರಿನಲ್ಲೂ ಕರಗುತ್ತದೆ, ಟೊಲುಯಿನ್‌ನಲ್ಲೂ ಕರಗುತ್ತದೆ. ಪೆಗ್ ತೊಟ್ಟ ಕಣ ತಳ್ಳಾಟಕ್ಕೆ ವಿದ್ಯುದಂಶವನ್ನು ನಂಬಿಕೊಂಡಿಲ್ಲ. ನೀರು ಹೀರಿಕೊಂಡ ಅದರ ಎಳೆಗಳೇ ಪಕ್ಕದ ಕಣವನ್ನು ದೂರ ಇಡುತ್ತವೆ. ಆದ್ದರಿಂದ ಉಪ್ಪಿನ ಆಟ ಅಲ್ಲಿ ನಡೆಯುವುದಿಲ್ಲ.

ತಪ್ಪು ಅಂಗಿಯ ಬೆಲೆ ದೊಡ್ಡದು. ಚಿನ್ನದ ನ್ಯಾನೋ ಕಡ್ಡಿಗಳನ್ನು ಸಾಮಾನ್ಯವಾಗಿ ಸಿಟಿಎಬಿ ಎಂಬ ಸಾಬೂನಿನಂಥ ವಸ್ತುವಿನಲ್ಲಿ ಬೆಳೆಸುತ್ತಾರೆ. ಅದು ಜೀವಕೋಶದ ಪೊರೆಯನ್ನೇ ಒಡೆಯಬಲ್ಲದು. ಚಿನ್ನ ನಿರುಪದ್ರವಿ ಎಂದು ನಂಬಿ ಅದನ್ನು ತೊಳೆಯದೆ ಬಳಸಿದರೆ ಸಾಯುವುದು ಕೋಶ. ಅದಕ್ಕೇ ಪೆಗ್‌ಗೆ ಬದಲಾಯಿಸುತ್ತಾರೆ. 'ಚಿನ್ನದ ನ್ಯಾನೋ ಕಣ ವಿಷವೋ ಅಲ್ಲವೋ' ಎಂದು ಕೇಳುವುದೇ ಅರ್ಧ ಪ್ರಶ್ನೆ. ಯಾವ ಹೊದಿಕೆಯ ಚಿನ್ನ ಎಂದು ಕೇಳದೆ ಉತ್ತರ ಸಿಗದು.

ನದಿ ಕಡಲು ಸೇರುವಲ್ಲಿ

ಪ್ರಯೋಗಾಲಯದ ಹೊರಗೂ ಈ ದಾಟುವಿಕೆ ನಡೆಯುತ್ತದೆ. ವಾಸನೆ ಬರದಂತೆ ಬೆಳ್ಳಿಯ ನ್ಯಾನೋ ಕಣ ಸೇರಿಸಿದ ಕಾಲುಚೀಲಗಳನ್ನು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯವೊಂದರ ಸಂಶೋಧಕರು 2008ರಲ್ಲಿ ನೀರಿನಲ್ಲಿ ತೊಳೆದು ನೋಡಿದ್ದರು. ಕೆಲವು ಕೆಲವೇ ತೊಳೆತಕ್ಕೆ ಬೆಳ್ಳಿಯ ಬಹುಪಾಲನ್ನು ಬಿಟ್ಟವು, ಕೆಲವು ಹೆಚ್ಚುಕಡಿಮೆ ಹಾಗೇ ಹಿಡಿದುಕೊಂಡವು. ವ್ಯತ್ಯಾಸ ಇದ್ದದ್ದು ಬೆಳ್ಳಿಯನ್ನು ಬಟ್ಟೆಗೆ ಕೂರಿಸಿದ ರೀತಿಯಲ್ಲಿ.

ಚರಂಡಿಗೆ ಬಿದ್ದ ಬೆಳ್ಳಿಯ ಹೆಚ್ಚಿನ ಭಾಗ ಅಲ್ಲಿನ ಗಂಧಕದ ಜೊತೆ ಸೇರಿ ಬೆಳ್ಳಿ ಸಲ್ಫೈಡ್ ಆಗುತ್ತದೆ. ತಪ್ಪಿಸಿಕೊಂಡದ್ದು ನದಿ ಸೇರಿದರೆ ಅಲ್ಲಿ ಹೊಸ ಅಂಗಿ ಕಾದಿರುತ್ತದೆ. ಕೊಳೆತ ಎಲೆ, ಮಣ್ಣಿನಿಂದ ಬರುವ ಹ್ಯೂಮಿಕ್ ಪದಾರ್ಥಗಳು ಕಣವನ್ನು ಸುತ್ತಿಕೊಂಡು ಅದಕ್ಕೆ ಇನ್ನಷ್ಟು ದೂರ ಹೋಗುವ ಬಲ ಕೊಡುತ್ತವೆ. ಮಲಪ್ರಭಾ, ಘಟಪ್ರಭಾ, ಭೀಮಾ, ತುಂಗಭದ್ರೆಗಳ ನೀರೆಲ್ಲ ಕೂಡಿಕೊಂಡು ವಿಜಯವಾಡ ಮುಟ್ಟುವ ಕೃಷ್ಣೆಯಂಥ ನದಿಯಲ್ಲಿ ಇಂಥ ಪದಾರ್ಥಗಳಿಗೆ ಬರವಿಲ್ಲ.

ವಿಜಯವಾಡ ದಾಟಿದ ಕೃಷ್ಣೆ ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿ ಸೇರುತ್ತದೆ. ನದಿಮುಖದಲ್ಲಿ ಉಪ್ಪು ಏರುತ್ತಾ ಹೋದಂತೆ ಮೊದಲು ನೋಡಿದ ಲೋಟದ ಪ್ರಯೋಗವೇ ದೊಡ್ಡದಾಗಿ ನಡೆಯುತ್ತದೆ. ಸಿಟ್ರೇಟಿನಂಥ ತೆಳು ಹೊದಿಕೆಯ ಕಣಗಳು ಮುದ್ದೆಯಾಗಿ ತಳದ ಕೆಸರಿಗೆ ಇಳಿಯುತ್ತವೆ. ಬೆಳ್ಳಿಯಾದರೆ ಸಮುದ್ರದ ಕ್ಲೋರೈಡ್ ಜೊತೆ ಕೂಡುವುದೂ ಇದೆ. ಪಾಲಿಮರಿನ ದಪ್ಪ ಹೊದಿಕೆಯವು ಬಿಡಿಬಿಡಿಯಾಗಿಯೇ ಇನ್ನಷ್ಟು ದೂರ ಸಾಗುತ್ತವೆ. ಮೊದಲನೆಯವು ಕೆಸರಲ್ಲಿ ಬದುಕುವ ಏಡಿ, ಚಿಪ್ಪುಜೀವಿಗಳ ಪಾಲು, ಎರಡನೆಯವು ತೆರೆದ ನೀರಿನ ಜೀವಿಗಳ ಪಾಲು. ಹೀಗಾಗಿ ಕಡಲ ನೀರನ್ನಷ್ಟೇ ಸೀಸೆಗೆ ತುಂಬಿಕೊಂಡು ಪರೀಕ್ಷಿಸಿ ಲೋಹದ ಕಣ ಸಿಗಲಿಲ್ಲ ಎಂದರೆ ಲೆಕ್ಕ ಮುಗಿಯುವುದಿಲ್ಲ, ನದಿಮುಖದ ಕೆಸರನ್ನೂ ತೆಗೆದು ನೋಡಬೇಕಾಗುತ್ತದೆ.