ಕಾವಲು ನಾಯಿಯ ಹಲ್ಲು ಮತ್ತು ವಸಡು

ಕಣದಲ್ಲಿ ಕಾಫಿ, ಅಂಗಳದಲ್ಲಿ ಅಡಿಕೆ ಹರಡಿರುವ ದಿನಗಳಲ್ಲಿ ರಾತ್ರಿಯ ಕಾವಲು ನಮ್ಮ ನಾಯಿಗಳದ್ದು. ಹಸುವಿನ ಕೆಚ್ಚಲು, ಗೊರಸುಗಳನ್ನು ತಪ್ಪದೆ ನೋಡುವ ಬೆಳೆಗಾರರಲ್ಲಿ ನಾಯಿಯ ಬಾಯಿ ನೋಡುವವರು ಕಡಿಮೆ. ಬಾಯಿ ನಾರಿದರೆ ಅದು ನಾಯಿಯ ಗುಣವೆಂದು ಸುಮ್ಮನಾಗುತ್ತೇವೆ. ಆದರೆ ಆ ದುರ್ವಾಸನೆ ಬಹುಮಟ್ಟಿಗೆ ವಸಡಿನ ರೋಗದ ಸೂಚನೆ.

ರೋಗ ಬರುವ ಬಗೆ

ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ. ಸುಮಾರು 7 ತಿಂಗಳೊಳಗೆ ಅವು ಬಿದ್ದು 42 ಶಾಶ್ವತ ಹಲ್ಲುಗಳು ಬರುತ್ತವೆ. ಹಲ್ಲಿನ ಮೇಲೆ ದಿನವೂ ಕೂಡುವ ಪಾಚಿ, ಜೊಲ್ಲಿನಲ್ಲಿರುವ ಲವಣಗಳು ಸೇರಿ ಕೆಲವೇ ದಿನಗಳಲ್ಲಿ ಗಾರೆಯಂತೆ ಗಟ್ಟಿಯಾಗುತ್ತದೆ. ಪಾಚಿಯಲ್ಲಿರುವ ರೋಗಾಣುಗಳಿಂದ ವಸಡು ಕೆಂಪಾಗಿ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಶುಚಿಮಾಡಿದರೆ ಗುಣವಾಗುತ್ತದೆ. ಬಿಟ್ಟರೆ ಬೇರಿನ ಸುತ್ತಲ ಮೂಳೆ ಕರಗಿ ಹಲ್ಲು ಅಲುಗಾಡುತ್ತದೆ. ಕರಗಿದ ಮೂಳೆ ಮತ್ತೆ ಬಾರದು. ನೋವಿದ್ದರೂ ನಾಯಿ ಊಟ ಬಿಡುವುದು ಅಪರೂಪ. ಆದ್ದರಿಂದಲೇ ರೋಗ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಾಡಬೇಕಾದುದು

ವಾರಕ್ಕೊಮ್ಮೆ ನಾಯಿಯ ತುಟಿಯನ್ನೆತ್ತಿ ಕೋರೆಹಲ್ಲು, ದವಡೆಹಲ್ಲುಗಳ ಬುಡವನ್ನು ನೋಡಬೇಕು. ಒಂದೇ ಬದಿಯಲ್ಲಿ ಅಗಿಯುವುದು, ಜೊಲ್ಲಿನಲ್ಲಿ ರಕ್ತ, ಕಣ್ಣಿನ ಕೆಳಗೆ ಬಾವು ಇವು ಅಪಾಯದ ಗುರುತುಗಳು. ಕಣ್ಣಿನ ಕೆಳಗಿನ ಬಾವಿಗೆ ಮೇಲ್ದವಡೆಯ ದೊಡ್ಡ ಹಲ್ಲಿನ ಬೇರಿನಲ್ಲಿ ಕೀವಾಗಿರುವುದು ಕಾರಣವಾಗಿರಬಹುದು.

ಮರಿಯಿದ್ದಾಗಲೇ ಅಭ್ಯಾಸ ಮಾಡಿಸಿ, ಮಕ್ಕಳ ಮೃದು ಬ್ರಷ್ಷನ್ನು ಅಥವಾ ಬೆರಳಿಗೆ ಸುತ್ತಿದ ತೆಳು ಹತ್ತಿಬಟ್ಟೆಯನ್ನು ನೀರಿನಲ್ಲಿ ಅದ್ದಿ ಕೆನ್ನೆಯ ಕಡೆಯ ಹಲ್ಲುಗಳನ್ನು ಉಜ್ಜಬೇಕು. ದಿನವೂ ಉಜ್ಜುವುದು ಉತ್ತಮ. ಗಟ್ಟಿಯಾದ ಗಾರೆಯನ್ನು ಚಾಕುವಿನಿಂದ ಕೆರೆಯಬಾರದು. ಅದನ್ನು ಪಶುವೈದ್ಯರು ಅರಿವಳಿಕೆ ಕೊಟ್ಟು ತೆಗೆಯಬೇಕು.

ಮಾಡಬಾರದುದು

ನಾವು ಬಳಸುವ ಟೂತ್‌ಪೇಸ್ಟ್ ನಾಯಿಗೆ ಬೇಡ. ಅದನ್ನು ಉಗುಳಲು ನಾಯಿಗೆ ಬಾರದು. ಕೆಲವು ಪೇಸ್ಟುಗಳಲ್ಲಿರುವ ಜೈಲಿಟಾಲ್ ಎಂಬ ಸಿಹಿವಸ್ತು ನಾಯಿಗೆ ವಿಷ. ಉಪ್ಪು, ಬೂದಿಗಳೂ ಬೇಡ. ಅಡಿಕೆಪುಡಿಯಂತೂ ಸಲ್ಲದು, ಅದರಲ್ಲಿರುವ ಅರೆಕೊಲಿನ್‌ನಿಂದ ನಾಯಿಗೆ ವಾಂತಿ, ಭೇದಿಯಾಗುತ್ತದೆ. ಬೆಂದ ಮೂಳೆ ಸಿಗುರೊಡೆದು ಬಾಯಿಗೆ, ಗಂಟಲಿಗೆ ಚುಚ್ಚುತ್ತದೆ. ಕಲ್ಲು ಕಚ್ಚಿ ಆಡುವ ಚಟವನ್ನೂ ಬಿಡಿಸಬೇಕು. ಅದರಿಂದ ಹಲ್ಲು ಮುರಿಯುತ್ತದೆ.

ಮುಖ್ಯ ಎಚ್ಚರಿಕೆ

ನಾಯಿಯ ಕೆಳದವಡೆ ಜೋತುಬಿದ್ದು, ಜೊಲ್ಲು ಸುರಿದು, ದನಿ ಬದಲಾಗಿ, ನೀರು ನುಂಗಲಾಗದಿದ್ದರೆ ಮೂಳೆ ಸಿಕ್ಕಿಕೊಂಡಿದೆಯೆಂದು ಬಾಯಿಗೆ ಕೈ ಹಾಕಲೇಬಾರದು. ಅದು ಹುಚ್ಚುನಾಯಿ ರೋಗವಿರಬಹುದು. ನಾಯಿಯಿಂದ ದೂರವಿದ್ದು ಕೂಡಲೆ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿದ್ದರೆ, ಇಲ್ಲವೆ ಗಾಯಕ್ಕೆ ಜೊಲ್ಲು ತಾಗಿದ್ದರೆ 15 ನಿಮಿಷ ಸೋಪುನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ ಲಸಿಕೆ ಪಡೆಯಬೇಕು. ರೋಗ ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ.

ಮರಿಗೆ 3 ತಿಂಗಳಾದಾಗ ಈ ರೋಗದ ಲಸಿಕೆ ಹಾಕಿಸಿ, ಮುಂದೆ ವೈದ್ಯರು ಹೇಳಿದ ದಿನಕ್ಕೆ ತಪ್ಪದೆ ಹಾಕಿಸುತ್ತಿರಬೇಕು. ಲಸಿಕೆಗೆ ಹೋದಾಗಲೇ ಹಲ್ಲನ್ನೂ ತೋರಿಸಿಕೊಂಡು ಬಂದರೆ ಒಂದೇ ಓಡಾಟದಲ್ಲಿ ಎರಡೂ ಕೆಲಸವಾಗುತ್ತದೆ. ಸದಸ್ಯ ಬಾಂಧವರು ಇಂದು ಸಂಜೆಯೇ ತಮ್ಮ ನಾಯಿಯ ತುಟಿಯನ್ನೆತ್ತಿ ಒಮ್ಮೆ ನೋಡಲಿ ಎಂದು ಕೋರುತ್ತೇವೆ.